ಕರಡಾಗಿಯೇ ಉಳಿದ ಕಾನೂನು

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಗುಡ್ಡ ಜರಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮರುದಿನವೇ ಕೇಂದ್ರ ಪರಿಸರ ಸಚಿವಾಲಯ ಪಶ್ಚಿಮಘಟ್ಟದ ಆರು ರಾಜ್ಯಗಳಲ್ಲಿ ಹರಡಿಕೊಂಡಿರುವ 56,825 ಚದರ ಕಿಲೋಮೀಟರ್ ಜಾಗವನ್ನು ‘ಪರಿಸರ ಸೂಕ್ಷ್ಮ ಪ್ರದೇಶ’ ಎಂದು ಘೋಷಿಸುವ ಕರಡು ಅಧಿಸೂಚನೆ ಹೊರಡಿಸಿತು. ಸರ್ಕಾರ ಇಷ್ಟು ಬೇಗ ಎಚ್ಚೆತ್ತಿತೇ ಎಂದು ಬೆರಗಾಗಬೇಕಿಲ್ಲ. ಹೆಚ್ಚುಕಡಿಮೆ ಇದೇ ಕರಡು 2014ರ ಮಾರ್ಚ್‌ನಲ್ಲಿ ಮೊದಲ ಸಲ ಬಂದಿತ್ತು. ಆಮೇಲೆ 2015, 2017, 2018, 2022ರಲ್ಲೂ ಬಂದಿತ್ತು. ಇದು ಆರನೆಯದು. ಎರಡು ತಿಂಗಳು ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 26ರಂದು, ಕರ್ನಾಟಕದ ಸಚಿವ ಸಂಪುಟ ಈ ಕರಡಿಗೆ ಮೂಲವಾದ ಕಸ್ತೂರಿರಂಗನ್ ವರದಿಯನ್ನು ಮತ್ತೊಮ್ಮೆ ತಿರಸ್ಕರಿಸಿತು. ಕರಡಿನಲ್ಲಿರುವ ಒಟ್ಟು ಜಾಗದಲ್ಲಿ 20,668 ಚದರ ಕಿಲೋಮೀಟರ್, ಅಂದರೆ ಮೂರನೇ ಒಂದಕ್ಕಿಂತ ಹೆಚ್ಚು, ಕರ್ನಾಟಕದ್ದೇ. ರಾಜ್ಯಗಳು ಒಪ್ಪಲಿಲ್ಲ, ಹಾಗಾಗಿ ಕಾನೂನು ಆಗಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ಸತ್ಯ. ಹತ್ತು ವರ್ಷ ದಾಟಿದರೂ ಕರಡು ಕರಡಾಗಿಯೇ ಉಳಿದಿರುವುದು ತೀರ್ಮಾನ ಮಾಡಬೇಕಾದ ಪ್ರತಿಯೊಬ್ಬರಿಗೂ ಅದು ಹಾಗೆ ಉಳಿಯುವುದೇ ಲಾಭವಾದ್ದರಿಂದ ಎಂಬುದು ನನ್ನ ವಾದ. ಅಂತಿಮ ಮಾಡಿದರೆ ಒಂದಷ್ಟು ಜನ ಸಿಟ್ಟಾಗುತ್ತಾರೆ, ಕೈಬಿಟ್ಟರೆ ಇನ್ನೊಂದಷ್ಟು ಜನ. ಕರಡಿನ ಮೇಲೆ ಯಾರೂ ಪೂರ್ತಿ ಸಿಟ್ಟಾಗುವುದಿಲ್ಲ.

ಕರಡು ಹೀಗೆ ಮರಳಿ ಮರಳಿ ಹುಟ್ಟುವುದಕ್ಕೆ ಕಾನೂನಿನಲ್ಲೇ ದಾರಿಯಿದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ಒಂದು ಪ್ರದೇಶದಲ್ಲಿ ಕೆಲವು ಚಟುವಟಿಕೆಗಳನ್ನು ನಿಷೇಧಿಸಬೇಕಾದರೆ ಕೇಂದ್ರ ಮೊದಲು ಕರಡು ಪ್ರಕಟಿಸಬೇಕು, ಆಕ್ಷೇಪಣೆ ಸಲ್ಲಿಸಲು ಅರವತ್ತು ದಿನ ಕೊಡಬೇಕು, ನಿಗದಿತ ಅವಧಿಯೊಳಗೆ ಅಂತಿಮ ಅಧಿಸೂಚನೆ ಹೊರಡಿಸಬೇಕು. ಆ ಅವಧಿ ಮೊದಲ ಕರಡಿನ ಕಾಲಕ್ಕೆ 545 ದಿನ ಇತ್ತು, ಈಗ 725 ದಿನ. ಅಷ್ಟರಲ್ಲಿ ಅಂತಿಮವಾಗದಿದ್ದರೆ ಕರಡು ಬಿದ್ದುಹೋಗುತ್ತದೆ. ಬಿದ್ದಮೇಲೆ ಹೊಸ ದಿನಾಂಕ ಹಾಕಿ ಮತ್ತೆ ಪ್ರಕಟಿಸಬಹುದು. 2014ರ ಮಾರ್ಚ್ 10ರ ಮೊದಲ ಕರಡಿಗೂ 2015ರ ಸೆಪ್ಟೆಂಬರ್ 4ರ ಎರಡನೆಯದಕ್ಕೂ ನಡುವೆ ಇದ್ದದ್ದು 543 ದಿನ. ಗಡುವಿಗೆ ಎರಡು ದಿನ ಮುಂಚೆ ಕಡತ ಮೇಲೆದ್ದಿತ್ತು. ಗಡುವು ಹಾಕಿದ್ದು ತೀರ್ಮಾನ ಬೇಗ ಆಗಲಿ ಎಂದು. ಅದೀಗ ಲೈಸೆನ್ಸ್ ನವೀಕರಣದಂಥ ವಾಡಿಕೆಯಾಗಿಬಿಟ್ಟಿದೆ.

ಹಿಂದಿನ ಕಥೆ ಬಹಳ ಜನಕ್ಕೆ ಗೊತ್ತಿರುವುದೇ. 2010ರಲ್ಲಿ ಜೈರಾಂ ರಮೇಶ್ ಪರಿಸರ ಸಚಿವರಾಗಿದ್ದಾಗ ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಸಮಿತಿ ರಚನೆಯಾಯಿತು. 2011ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಸಚಿವಾಲಯ ಅದನ್ನು ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡಿತ್ತು. ಮಾಹಿತಿ ಹಕ್ಕಿನ ಅರ್ಜಿ ದೆಹಲಿ ಹೈಕೋರ್ಟ್‌ವರೆಗೆ ಹೋದಮೇಲೆ 2012ರಲ್ಲಿ ಅದು ಹೊರಬಂತು. ಇಡೀ ಘಟ್ಟವನ್ನು ಮೂರು ಹಂತಗಳ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ, ಗಡಿ ಮತ್ತು ಕಟ್ಟುಪಾಡುಗಳನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ಅಖೈರುಗೊಳಿಸಬೇಕು ಎಂಬುದು ಅದರ ತಿರುಳು. ವಿರೋಧ ಎದ್ದಾಗ ಕೆ. ಕಸ್ತೂರಿರಂಗನ್ ನೇತೃತ್ವದ ಇನ್ನೊಂದು ತಂಡ ಬಂತು. ಅದು 2013ರ ಏಪ್ರಿಲ್‌ನಲ್ಲಿ, ಉಪಗ್ರಹ ಚಿತ್ರಗಳ ಆಧಾರದ ಮೇಲೆ, ಘಟ್ಟದ ಸುಮಾರು ಶೇ 37ರಷ್ಟನ್ನು ಮಾತ್ರ ಸೂಕ್ಷ್ಮ ಎಂದು ಗುರುತಿಸಿತು. ಕರ್ನಾಟಕದ 1,576 ಹಳ್ಳಿಗಳು ಆ ಪಟ್ಟಿಯಲ್ಲಿದ್ದವು. ಗಾಡ್ಗೀಳ್ ವರದಿಗಿಂತ ಇದು ವ್ಯವಹಾರಕ್ಕೆ ಒಗ್ಗುವ ವರದಿ ಎಂಬ ಹೆಸರು ಪಡೆಯಿತು. ಆದರೆ ಜನರನ್ನು ಕೇಳುವ ಭಾಗವೇ ಇದರಲ್ಲಿ ಸಣ್ಣದಾಗಿತ್ತು. ಒಂದು ಹಳ್ಳಿಯ ಶೇ 20ರಷ್ಟು ಜಾಗ ಸೂಕ್ಷ್ಮವಾಗಿದ್ದರೆ ಇಡೀ ಹಳ್ಳಿ ಪಟ್ಟಿಗೆ ಸೇರುತ್ತದೆ ಎಂಬ ಮಾನದಂಡವನ್ನು ಅಡಿಕೆ ತೋಟದ ನಡುವೆ ನಿಂತ ಯಾರೂ ರೂಪಿಸಿರಲಾರರು. ತೋಟ, ಗದ್ದೆ, ಮನೆ, ಪೇಟೆ ಎಲ್ಲ ಸೇರಿ ಐದರಲ್ಲಿ ನಾಲ್ಕು ಪಾಲು ಇದ್ದರೂ ಊರಿಗೆ ಊರೇ ನಕ್ಷೆಯಲ್ಲಿ ಒಂದೇ ಬಣ್ಣ.

ಕರಡು ನಿಜಕ್ಕೂ ಏನನ್ನು ತಡೆಯುತ್ತದೆ? ಗಣಿಗಾರಿಕೆ, ಕಲ್ಲು ಕ್ವಾರಿ, ಮರಳು ತೆಗೆಯುವುದು; ಹೊಸ ಉಷ್ಣ ವಿದ್ಯುತ್ ಸ್ಥಾವರ; ಮಾಲಿನ್ಯದ ಲೆಕ್ಕದಲ್ಲಿ ‘ಕೆಂಪು’ ವರ್ಗಕ್ಕೆ ಸೇರಿದ ಹೊಸ ಕಾರ್ಖಾನೆ; 20,000 ಚದರ ಮೀಟರ್‌ಗೂ ಮೀರಿದ ಕಟ್ಟಡ; ದೊಡ್ಡ ಟೌನ್‌ಶಿಪ್. ಉಳುವುದು, ಅಡಿಕೆ-ಕಾಫಿ ಬೆಳೆಯುವುದು, ದನ ಸಾಕುವುದು, ಮನೆ ಕಟ್ಟುವುದು, ಜಮೀನು ಮಾರುವುದು ಇದರಲ್ಲಿ ಯಾವುದಕ್ಕೂ ನಿಷೇಧವಿಲ್ಲ. ಇಲ್ಲಿ ಎರಡು ವಾಕ್ಯಗಳನ್ನು ಹತ್ತಿರದಿಂದ ನೋಡಬೇಕು. ಒಂದು, ಈಗ ನಡೆಯುತ್ತಿರುವ ಗಣಿಗಳು ಲೀಸ್ ಮುಗಿದಾಗ ಅಥವಾ ಅಂತಿಮ ಅಧಿಸೂಚನೆಯ ದಿನದಿಂದ ಐದು ವರ್ಷದೊಳಗೆ, ಯಾವುದು ಮೊದಲೋ ಆಗ, ನಿಲ್ಲಬೇಕು. ಮೊದಲ ಕರಡು ಆಗಲೇ ಅಂತಿಮವಾಗಿದ್ದರೆ ಆ ಐದು ವರ್ಷ ಎಂದೋ ಮುಗಿದಿರುತ್ತಿತ್ತು. ಅಂತಿಮ ಆಗದಿರುವುದರಿಂದ ಲೆಕ್ಕವೇ ಶುರುವಾಗಿಲ್ಲ. ಪ್ರತಿ ಹೊಸ ಕರಡೂ ಕ್ವಾರಿ ಮಾಲೀಕನಿಗೆ ಸಿಕ್ಕ ಹೊಸ ಅವಧಿ. ಇನ್ನೊಂದು, 20,000 ಚದರ ಮೀಟರ್ ಎಂಬ ಮಿತಿ. ಅದಕ್ಕಿಂತ ದೊಡ್ಡ ಕಟ್ಟಡಕ್ಕೆ 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೇಶದ ಎಲ್ಲಿಯೇ ಆದರೂ ಮುಂಚಿತ ಅನುಮತಿ ಬೇಕೇಬೇಕು. ಆ ಅಳತೆಯನ್ನೇ ತಂದು ಘಟ್ಟಕ್ಕೆ ಹಚ್ಚಲಾಗಿದೆ. ಅದಕ್ಕಿಂತ ಚಿಕ್ಕದಾದ ರೆಸಾರ್ಟು, ಹೋಂಸ್ಟೇ, ಲೇಔಟುಗಳಿಗೆ ಈ ಮಿತಿ ತಗಲುವುದೇ ಇಲ್ಲ.

ಮಲೆನಾಡಿನಲ್ಲಿ ಗುಡ್ಡ ಜರಿಯುವುದನ್ನು ನೋಡಿದರೆ ಈ ಅಳತೆಯ ಪೊಳ್ಳುತನ ಗೊತ್ತಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಾಲುಸಾಲಾಗಿ ಬೆಟ್ಟ ಕುಸಿದಾಗ ಮಳೆ ವಿಪರೀತವಾಗಿತ್ತು, ನಿಜ. ಅದರ ಜೊತೆಗೆ ರಸ್ತೆಗಾಗಿ, ಮನೆಗಾಗಿ, ಹೋಂಸ್ಟೇಗಾಗಿ ಇಳಿಜಾರನ್ನು ಗೋಡೆಯಂತೆ ನೆಟ್ಟಗೆ ಕಡಿದದ್ದನ್ನೂ, ನೀರು ಹರಿಯುವ ಸಹಜ ದಾರಿಗಳನ್ನು ಮುಚ್ಚಿದ್ದನ್ನೂ ಭೂವಿಜ್ಞಾನಿಗಳು ಕಾರಣಗಳ ಪಟ್ಟಿಯಲ್ಲಿ ಹೇಳಿದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜಾರಿ ಗಂಗಾವಳಿ ನದಿಗೆ ಬಿದ್ದದ್ದು ಅಗಲಗೊಳಿಸಿದ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲಿ. ಹೆದ್ದಾರಿ ವಿಸ್ತರಣೆಯ ಉದ್ದ 100 ಕಿಲೋಮೀಟರ್ ಮೀರದಿದ್ದರೆ ಪರಿಸರ ಅನುಮತಿಯ ಅಗತ್ಯವಿಲ್ಲ ಎಂಬ ವಿನಾಯಿತಿ 2013ರಿಂದಲೇ ಇದೆ. ದೊಡ್ಡ ಯೋಜನೆಯನ್ನು ನೂರಕ್ಕಿಂತ ಕಡಿಮೆಯ ತುಂಡುಗಳಾಗಿ ಕತ್ತರಿಸುವ ಜಾಣತನ ಹಿಮಾಲಯದ ಚಾರ್‌ಧಾಮ್ ರಸ್ತೆಯಲ್ಲಿ ಕಂಡಿದೆ; ಸುಮಾರು 900 ಕಿಲೋಮೀಟರ್ ರಸ್ತೆಯನ್ನು 53 ಕಾಮಗಾರಿಗಳಾಗಿ ಹಂಚಲಾಗಿತ್ತು. ಘಟ್ಟವನ್ನು ಸಡಿಲಗೊಳಿಸುತ್ತಿರುವುದು ಬಹುಮಟ್ಟಿಗೆ ಇಂಥ ಕೆಲಸಗಳು: ಜೆಸಿಬಿ ಒಂದು ವಾರದಲ್ಲಿ ಮುಗಿಸುವ ಕಡಿತ, ತಹಶೀಲ್ದಾರ್ ಕಚೇರಿಯಲ್ಲಿ ಸದ್ದಿಲ್ಲದೆ ಸಾಗುವ ಕನ್ವರ್ಷನ್ ಅರ್ಜಿ, ರಸ್ತೆ ಗುತ್ತಿಗೆದಾರನ ಅಂದಾಜುಪಟ್ಟಿ. ಹತ್ತು ವರ್ಷದಿಂದ ಬೀದಿಗಿಳಿದು ಜಗಳವಾಡುತ್ತಿರುವವರೂ, ವಿಚಾರಸಂಕಿರಣಗಳಲ್ಲಿ ಬೆಂಬಲಿಸುತ್ತಿರುವವರೂ ಯಾವ ಕಾಗದದ ಮೇಲೆ ಕಣ್ಣಿಟ್ಟಿದ್ದಾರೋ ಆ ಕಾಗದ ಇವುಗಳ ಬಗ್ಗೆ ಮಾತೇ ಆಡುವುದಿಲ್ಲ.

ಹಾಗಾದರೆ ಕರಡಿನಿಂದ ಯಾರಿಗೆ ಏನು ಸಿಗುತ್ತದೆ? ಕೇಂದ್ರಕ್ಕೆ, ಕೋರ್ಟಿನಲ್ಲಿಯೂ ಅಂತರರಾಷ್ಟ್ರೀಯ ವೇದಿಕೆಯಲ್ಲಿಯೂ ತೋರಿಸಲು ಒಂದು ಪ್ರಕ್ರಿಯೆ ಸಿಗುತ್ತದೆ. ರಾಜ್ಯ ಸರ್ಕಾರಕ್ಕೆ, ಪಕ್ಷ ಯಾವುದೇ ಇರಲಿ, ‘ನಾವು ತಿರಸ್ಕರಿಸಿದೆವು’ ಎಂದು ಮಲೆನಾಡಿನ ಮತದಾರರಿಗೆ ಹೇಳುವ ಅವಕಾಶ ಪ್ರತಿ ಸಲವೂ ಸಿಗುತ್ತದೆ. ಅಂತಿಮವಾಗಿಬಿಟ್ಟರೆ ತಿರಸ್ಕರಿಸುವುದಕ್ಕೆ ಏನು ಉಳಿಯುತ್ತದೆ? ವಿರೋಧ ಪಕ್ಷಕ್ಕೆ ಭಯ ಹುಟ್ಟಿಸಲು ಒಂದು ಗುಮ್ಮ ಬೇಕು. ಈ ರಾಜಕೀಯದ ಬೆಲೆ ಎಷ್ಟು ಎಂದು ಕೇರಳದ ಇಡುಕ್ಕಿ 2014ರಲ್ಲೇ ತೋರಿಸಿಕೊಟ್ಟಿತು. ಗಾಡ್ಗೀಳ್ ವರದಿಯನ್ನು ಬಹಿರಂಗವಾಗಿ ಬೆಂಬಲಿಸಿದ ಅಲ್ಲಿನ ಕಾಂಗ್ರೆಸ್ ಸಂಸದ ಪಿ.ಟಿ. ಥಾಮಸ್ ಅವರ ಅಣಕು ಶವಯಾತ್ರೆ ನಡೆಯಿತು, ಪಕ್ಷ ಅವರಿಗೆ ಟಿಕೆಟ್ ಕೊಡಲಿಲ್ಲ, ವರದಿ ವಿರೋಧಿ ಸಮಿತಿಯ ಬೆಂಬಲ ಪಡೆದ ಪಕ್ಷೇತರ ಅಭ್ಯರ್ಥಿ ಗೆದ್ದರು. ಮೊದಲ ಕರಡು ಹೊರಬಿದ್ದದ್ದು ಅದೇ ಚುನಾವಣೆ ಘೋಷಣೆಯಾದ ಕೆಲವೇ ದಿನಗಳಲ್ಲಿ, ಕೇರಳದ ಪಾಲನ್ನು ಸುಮಾರು 13,100ರಿಂದ 9,993 ಚದರ ಕಿಲೋಮೀಟರ್‌ಗೆ ಇಳಿಸಿಕೊಂಡು ಎಂಬುದನ್ನು ನೆನಪಿಟ್ಟರೆ ಸಾಕು. ಘಟ್ಟದ ಯಾವ ಜನಪ್ರತಿನಿಧಿಯೂ ಆ ಪಾಠ ಮರೆತಂತಿಲ್ಲ. ಇದರ ನಡುವೆ ಕರಡು ಪೂರಾ ಸತ್ತೂ ಇಲ್ಲ. 2013ರ ನವೆಂಬರ್‌ನಲ್ಲಿ ಕೇಂದ್ರ ನೀಡಿದ ನಿರ್ದೇಶನ, 2018ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊಟ್ಟ ಆದೇಶ ಇವೆರಡರಿಂದಾಗಿ ದೆಹಲಿಯ ಅನುಮತಿ ಬೇಕಾದ ದೊಡ್ಡ ಯೋಜನೆಗಳಿಗೆ ಒಂದಿಷ್ಟು ತಡೆ ಇದೆ. ಸಣ್ಣವರಿಗೆ ಹೆದರಿಕೆ ಮಾತ್ರ ಇದೆ, ನಿಯಮ ಇಲ್ಲ.

ಆ ಹೆದರಿಕೆ ಸುಳ್ಳು ಪ್ರಚಾರದ ಫಲ, ಕರಡು ಓದಿದರೆ ಹೋಗುತ್ತದೆ ಎಂದು ಪರಿಸರವಾದಿಗಳು ಹೇಳುವುದುಂಟು. ನಾನು ಇದನ್ನು ಒಪ್ಪುವುದಿಲ್ಲ. ಮಲೆನಾಡಿನ ರೈತನಿಗೆ ಕರಡು ಎಂದರೇನು ಎಂಬುದು ಪುಸ್ತಕದಿಂದ ಗೊತ್ತಾದದ್ದಲ್ಲ. 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಒಂದು ಜಾಗವನ್ನು ಮೀಸಲು ಅರಣ್ಯ ಮಾಡುವ ‘ಉದ್ದೇಶ’ ಇದೆ ಎಂದು ಸರ್ಕಾರ ಪ್ರಕಟಿಸುತ್ತದೆ. ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಹಕ್ಕುಗಳನ್ನು ವಿಚಾರಣೆ ಮಾಡಿದ ಮೇಲೆ 17ನೇ ಸೆಕ್ಷನ್ ಅಡಿ ಅಂತಿಮ ಘೋಷಣೆ ಆಗಬೇಕು. ಎಷ್ಟೋ ಕಡೆ ಆ ವಿಚಾರಣೆ ದಶಕಗಳಿಂದ ಬಾಕಿ ಬಿದ್ದಿದೆ. ಸೆಕ್ಷನ್ 4 ಆದ ಜಾಗದಲ್ಲಿ ಇರುವವನಿಗೆ ಪಟ್ಟಾ ಇಲ್ಲ, ಬ್ಯಾಂಕ್ ಸಾಲ ಇಲ್ಲ, ಹಾಗಂತ ಜಾಗ ಪೂರ್ತಿ ಕಾಡೂ ಅಲ್ಲ. ಕಂದಾಯ ಇಲಾಖೆ ಒಂದು ಮಾತು ಹೇಳುತ್ತದೆ, ಅರಣ್ಯ ಇಲಾಖೆ ಇನ್ನೊಂದು. ಬಗರ್‌ಹುಕುಂ ಅರ್ಜಿ, ಡೀಮ್ಡ್ ಫಾರೆಸ್ಟ್ ಗೊಂದಲ, ಒತ್ತುವರಿ ತೆರವಿನ ನೋಟಿಸ್ ಇವುಗಳ ನಡುವೆ ಬಾಳಿದವನ ಮುಂದೆ ಇನ್ನೊಂದು ಕರಡು ಹಿಡಿದು ‘ನಿನಗೆ ಏನೂ ಆಗುವುದಿಲ್ಲ’ ಎಂದರೆ ಅವನು ನಂಬಬೇಕಾದರೂ ಯಾಕೆ? ಕರಡು ಏನು ಹೇಳುತ್ತದೆ ಎಂಬುದಕ್ಕಿಂತ ಅದನ್ನು ಯಾರು ಜಾರಿ ಮಾಡುತ್ತಾರೆ ಎಂಬುದು ಅವನ ಪ್ರಶ್ನೆ. ಭಾಷೆಯದ್ದೂ ಒಂದು ತೊಡಕು. ಕೇಂದ್ರದ ರಾಜ್ಯಪತ್ರ ಹಿಂದಿ, ಇಂಗ್ಲಿಷಿನಲ್ಲಿ ಬರುತ್ತದೆ. 2020ರಲ್ಲಿ ಪರಿಸರ ಪರಿಣಾಮ ಅಧಿಸೂಚನೆಯ ಹೊಸ ಕರಡು ಬಂದಾಗ ಅದನ್ನು ಪ್ರಾದೇಶಿಕ ಭಾಷೆಗಳಲ್ಲಿ ಕೊಡಿ ಎಂದು ದೆಹಲಿ ಹೈಕೋರ್ಟ್ ಹೇಳಬೇಕಾಯಿತು, ಕರ್ನಾಟಕ ಹೈಕೋರ್ಟ್ ಕೂಡ ಇದೇ ಪ್ರಶ್ನೆಯ ಮೇಲೆ ಅಂತಿಮ ಪ್ರಕಟಣೆಯನ್ನು ಕೆಲಕಾಲ ತಡೆದಿತ್ತು.

ಜನರನ್ನು ಕೇಳುತ್ತ ಹೋದರೆ ಕೊನೆಗೆ ಕೇರಳದಂತೆ ಪ್ರದೇಶ ಕುಗ್ಗುತ್ತದೆ, ಉಳಿಯುವುದೇನೂ ಇಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಕೇರಳದಲ್ಲಿ ಸುಮಾರು ಕಾಲುಭಾಗ ಹೋಯಿತು. ಆದರೆ ಅಲ್ಲಿ ಹೋದದ್ದು ಗ್ರಾಮಸಭೆಯ ತೀರ್ಮಾನದಿಂದಲ್ಲ, ಚುನಾವಣೆಯ ಅವಸರದಲ್ಲಿ ರಾಜ್ಯವೂ ಕೇಂದ್ರವೂ ಮಾಡಿಕೊಂಡ ಹೊಂದಾಣಿಕೆಯಿಂದ. ಗ್ರಾಮಸಭೆಗೆ ನಿಜವಾದ ಅಧಿಕಾರ ಕೊಟ್ಟ ಒಂದು ಪ್ರಯೋಗ ನಮ್ಮಲ್ಲಿ ನಡೆದಿದೆ: ಒಡಿಶಾದ ನಿಯಮಗಿರಿ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್, ಬಾಕ್ಸೈಟ್ ಗಣಿಯ ವಿಷಯವನ್ನು ಅಲ್ಲಿನ ಊರುಗಳ ಸಭೆಗಳ ಮುಂದಿಡಲು ಹೇಳಿತು. ಆಯ್ದ ಹನ್ನೆರಡು ಊರುಗಳೂ ಬೇಡ ಎಂದವು. ದೊಡ್ಡ ಕಂಪನಿ, ರಾಜ್ಯ ಸರ್ಕಾರ ಎರಡೂ ಗಣಿಯ ಪರವಾಗಿದ್ದಾಗ ಬೆಟ್ಟ ಉಳಿಸಿದ್ದು ಅಲ್ಲಿನ ಡೋಂಗ್ರಿಯಾ ಕೋಂದ ಆದಿವಾಸಿಗಳ ಸಭೆಗಳು. ಅಡಿಕೆಯ ಸಾಗರ, ಕಾಫಿಯ ಸೋಮವಾರಪೇಟೆ ನಿಯಮಗಿರಿ ಆಗುವುದಿಲ್ಲ, ಒಪ್ಪೋಣ. ಇಲ್ಲಿ ಜಮೀನಿಗೆ ಮಾರುಕಟ್ಟೆ ಇದೆ, ಆಸೆ ಇದೆ. ಆದರೂ ಕ್ವಾರಿಯ ಧೂಳು ಕುಡಿಯುವ, ಟಿಪ್ಪರ್ ಓಡಾಡಿ ಕಿತ್ತುಹೋದ ರಸ್ತೆಯಲ್ಲಿ ನಡೆಯುವ ಊರಿನವರು ಕ್ವಾರಿಯ ಪರ ನಿಲ್ಲುತ್ತಾರೆ ಎಂದು ಮೊದಲೇ ಊಹಿಸಿಕೊಂಡು ಅವರನ್ನು ಕೇಳದೇ ಇರುವುದು ಯಾವ ನ್ಯಾಯ?

ಇನ್ನು ರಾಜ್ಯದ ವಾದ. ನಮ್ಮ ಘಟ್ಟದಲ್ಲಿ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯ ಸೇರಿ ಬಹಳಷ್ಟು ಜಾಗ ಈಗಾಗಲೇ ಕಾನೂನಿನ ರಕ್ಷಣೆಯಲ್ಲಿದೆ, ಹೊಸದೇಕೆ ಎಂದು ಅದು ಕೇಳುತ್ತದೆ. ಕಾಡಿನ ಮಟ್ಟಿಗೆ ಈ ಮಾತು ಸರಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇದೆ. ತೊಂದರೆ ಇರುವುದು ಕಾಡಿಗೂ ಕಾಡಿಗೂ ನಡುವಿನ ಕಂದಾಯ ಭೂಮಿಯಲ್ಲಿ, ಅಲ್ಲಿನ ಹಳ್ಳ-ಇಳಿಜಾರುಗಳಲ್ಲಿ. ಆ ಭೂಮಿಯ ಒಡೆಯರು ಸಾಮಾನ್ಯ ಜನ. ಅವರು ಗುಡ್ಡ ಕಡಿಯದೆ ಉಳಿಸಿದರೆ ಲಾಭ ಕೆಳಗಿನ ಬಯಲಿಗೆ, ನಷ್ಟ ಅವರಿಗೆ. ಸಂಪುಟ ವರದಿಯನ್ನು ತಿರಸ್ಕರಿಸಿದ ಇಪ್ಪತ್ತೇ ದಿನಕ್ಕೆ, 2024ರ ಅಕ್ಟೋಬರ್ 16ರಂದು, ದಿನಕ್ಕೆ 775 ದಶಲಕ್ಷ ಲೀಟರ್ ಕಾವೇರಿ ನೀರನ್ನು ಬೆಂಗಳೂರಿಗೆ ತರುವ ಐದನೇ ಹಂತದ ಯೋಜನೆ ಉದ್ಘಾಟನೆಯಾಯಿತು. ಕೊಡಗಿನ ಇಳಿಜಾರು ನೀರು ಹಿಡಿದಿಟ್ಟರೆ ಮಾತ್ರ ಆ ಕೊಳವೆ ತುಂಬುತ್ತದೆ. ಆ ಇಳಿಜಾರಿನ ಪಂಚಾಯಿತಿಗೆ ಆ ಯೋಜನೆಯಲ್ಲಿ ಪಾಲಿಲ್ಲ. ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವಾಗ ಕಾಡಿಗೆ 14ನೇ ಹಣಕಾಸು ಆಯೋಗ ಶೇ 7.5, 15ನೇ ಆಯೋಗ ಶೇ 10 ತೂಕ ಕೊಟ್ಟವು. ಅಂದರೆ ಕಾಡಿದೆ ಎಂಬ ಲೆಕ್ಕದಲ್ಲಿ ರಾಜ್ಯಕ್ಕೆ ದುಡ್ಡು ಬರುತ್ತಿದೆ. ಅದು ವಿಧಾನಸೌಧದ ಖಜಾನೆಗೆ ಸೇರುತ್ತದೆ, ಕಾಡಿನ ಪಕ್ಕದ ಊರಿಗೆ ಹೋಗಲೇಬೇಕೆಂಬ ನಿಯಮವಿಲ್ಲ. ಬ್ರೆಜಿಲ್‌ನ ಪರಾನಾ ರಾಜ್ಯ 1991ರಲ್ಲೇ ಬೇರೆ ದಾರಿ ಹಿಡಿಯಿತು. ಮಾರಾಟ ತೆರಿಗೆಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಹಂಚುವ ಹಣದ ಶೇ 5ರಷ್ಟನ್ನು ತಮ್ಮ ಗಡಿಯೊಳಗೆ ಜಲಾನಯನ ಅಥವಾ ಸಂರಕ್ಷಿತ ಕಾಡು ಇರುವ ಪುರಸಭೆಗಳಿಗೆ ಮೀಸಲಿಟ್ಟಿತು. ಕಾಡು ಇದ್ದರೆ ಊರಿನ ಬಜೆಟ್ ಹಿಗ್ಗುತ್ತದೆ ಎಂದಾದಾಗ ಅದನ್ನು ಕಾಯುವ ರಾಜಕೀಯ ತಾನಾಗಿ ಹುಟ್ಟುತ್ತದೆ. ಘಟ್ಟದ ನದಿಗಳ ನೀರು ಕುಡಿಯುವ ನಗರಗಳ ನೀರಿನ ಬಿಲ್ಲಿನ ಮೇಲೆ ಎರಡು ಮೂರು ರೂಪಾಯಿ ಹಸಿರು ಸೆಸ್ ಹಾಕುವ ಮಾತನ್ನು 2024ರ ನವೆಂಬರ್‌ನಲ್ಲಿ ನಮ್ಮ ಅರಣ್ಯ ಸಚಿವರು ಆಡಿದರು. ಮೊತ್ತ ಸಣ್ಣದು, ಯೋಚನೆ ದೊಡ್ಡದು. ಕಸ್ತೂರಿರಂಗನ್ ವರದಿ ಬಗ್ಗೆ ನಡೆದ ಗದ್ದಲದ ನೂರರಲ್ಲಿ ಒಂದು ಪಾಲೂ ಅದರ ಬಗ್ಗೆ ನಡೆಯಲಿಲ್ಲ.

ರಾಜಕಾರಣಿಗಳಿಂದ ಆಗದ್ದನ್ನು ಕೋರ್ಟ್ ಮಾಡಿಸಲಿ ಎನ್ನುವವರು ಬಳ್ಳಾರಿಯ ಅದಿರು ಗಣಿಗಳತ್ತ ಕೈ ತೋರಿಸುತ್ತಾರೆ. ಕೋರ್ಟ್ ಅಲ್ಲಿ ದೊಡ್ಡ ಕೆಲಸ ಮಾಡಿತು, ಅನುಮಾನವಿಲ್ಲ. ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ, ಧಾರವಾಡದ ಸಮಾಜ ಪರಿವರ್ತನಾ ಸಮುದಾಯದ ಅರ್ಜಿ ಇವುಗಳ ಬಲದ ಮೇಲೆ 2011ರ ಜುಲೈನಲ್ಲಿ ಗಣಿಗಾರಿಕೆ ನಿಂತಿತು. ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ 2013ರಲ್ಲಿ ‘ಸಿ’ ವರ್ಗದ ಲೀಸುಗಳನ್ನು ರದ್ದು ಮಾಡಲಾಯಿತು. ವರ್ಷಕ್ಕೆ ಇಂತಿಷ್ಟೇ ಅದಿರು ಎಂಬ ಮಿತಿ ಬಂತು. ಆದರೆ ಇದೆಲ್ಲ ಬೆಟ್ಟ ಬಗೆದಾದ ಮೇಲೆ. ಗಣಿ ಬಾಧಿತ ಊರುಗಳ ಪುನಶ್ಚೇತನಕ್ಕೆಂದು ಅದಿರಿನ ಹಣದಿಂದ ಎತ್ತಿಟ್ಟ ನಿಧಿಯನ್ನು ಖರ್ಚು ಮಾಡುವ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2022ರಲ್ಲಿ. ಕೋರ್ಟ್ ತಪ್ಪಿತಸ್ಥನನ್ನು ನಿಲ್ಲಿಸಬಲ್ಲದು. ಪ್ರತಿ ಹೋಂಸ್ಟೇಯ ಪಾಯ ನೋಡಲು ಅದಕ್ಕೆ ಆಗುವುದಿಲ್ಲ.

ಪಾಯ ನೋಡುವ ಕೆಲಸ ಯಾರದಾಗಬೇಕು ಎನ್ನುವಲ್ಲಿ ಕೊನೆಯ, ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಎದುರಾಗುತ್ತದೆ. ಪಂಚಾಯಿತಿಗೆ ಅಧಿಕಾರ ಕೊಟ್ಟರೆ, ರೆಸಾರ್ಟ್ ಕಟ್ಟುವವರೇ ಅಥವಾ ಅವರಿಗೆ ಜೆಸಿಬಿ ಬಾಡಿಗೆಗೆ ಕೊಡುವವರೇ ಪಂಚಾಯಿತಿ ಸದಸ್ಯರಾಗಿರುತ್ತಾರಲ್ಲ? ಹೌದು, ಎಷ್ಟೋ ಕಡೆ ಹಾಗೇ ಇದೆ. ಅದಕ್ಕೆ ಉತ್ತರ ಅಧಿಕಾರವನ್ನು ಮತ್ತೆ ದೆಹಲಿಗೆ ಒಯ್ಯುವುದಲ್ಲ, ಅಧಿಕಾರಕ್ಕೆ ಕೆಳಮಿತಿ ಹಾಕುವುದು. ಇಷ್ಟು ಡಿಗ್ರಿಗಿಂತ ಕಡಿದಾದ ಇಳಿಜಾರನ್ನು ಕಡಿಯುವಂತಿಲ್ಲ, ಹಳ್ಳದ ಅಂಚಿನಿಂದ ಇಷ್ಟು ದೂರ ಬಿಡಬೇಕು ಎಂಬ ನಾಲ್ಕಾರು ನಿಯಮಗಳನ್ನು ರಾಜ್ಯ ಹಾಕಲಿ. ಪಂಚಾಯಿತಿ ಅದನ್ನು ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ. ಇದು ಕನಸಿನ ಮಾತಲ್ಲ. ನಮ್ಮ ಗಡಿಗೆ ತಾಗಿಕೊಂಡಿರುವ ನೀಲಗಿರಿ ಜಿಲ್ಲೆಯಲ್ಲಿ ಮಣ್ಣು ಅಗೆಯುವ ಯಂತ್ರ ಬಳಸಬೇಕಾದರೆ ಜಿಲ್ಲಾಡಳಿತದ ಅನುಮತಿ ಬೇಕು, ಕಟ್ಟಡದ ಎತ್ತರಕ್ಕೆ ಏಳು ಮೀಟರ್ ಮಿತಿ ಇದೆ. ಅಲ್ಲಿಯೂ ನಿಯಮ ಮುರಿಯುವವರಿದ್ದಾರೆ, ಕೋರ್ಟು ಕಚೇರಿ ಅಲೆದಾಟ ಇದೆ. ಆದರೆ ಮುರಿದರೆ ಕೇಳಲು ಒಂದು ನಿಯಮ ಇದೆ, ಕೇಳಬೇಕಾದ ಅಧಿಕಾರಿ ಊಟಿಯಲ್ಲೇ ಕೂತಿದ್ದಾರೆ. ಕೊಡಗು, ಚಿಕ್ಕಮಗಳೂರು, ಉತ್ತರ ಕನ್ನಡಕ್ಕೆ ಇಂಥದ್ದೊಂದು ನಿಯಮ ತರಲು ಕೇಂದ್ರದ ಅಧಿಸೂಚನೆಗಾಗಿ ಕಾಯಬೇಕಿಲ್ಲ. ಭೂಮಿಯೂ ಪಂಚಾಯಿತಿಯೂ ಸಂವಿಧಾನದ ಪ್ರಕಾರ ರಾಜ್ಯದ ವಿಷಯಗಳು. ಕಸ್ತೂರಿರಂಗನ್ ವರದಿ ಬೇಡ ಎಂದ ಸಂಪುಟಕ್ಕೆ ‘ಹಾಗಾದರೆ ನಿಮ್ಮದೇನು?’ ಎಂದು ಕೇಳುವ ಹಕ್ಕು ಮಲೆನಾಡಿನವರಿಗೂ ಇದೆ, ಕಾವೇರಿ ಕುಡಿಯುವ ಬೆಂಗಳೂರಿನವರಿಗೂ ಇದೆ.